ಸ್ಕ್ರಿಪ್ಟ್ ಬರೆದವರ ಹೆಸರಿನಲ್ಲೇ ಓಡಲಿ

ಕುದಾಪುರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಬಂದ ಮೇಲೆ, ಎಣ್ಣೆ ಮಿಲ್ಲುಗಳ ಚಳ್ಳಕೆರೆ ವಿಜ್ಞಾನ ನಗರಿಯೂ ಆಯಿತು. ಆ ಸಂಸ್ಥೆಯ ಬೆಂಗಳೂರಿನ ಕೆಲವು ವಿಭಾಗಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ: ಜಾಲತಾಣದ ವಿಳಾಸದ ಕೊನೆಗೆ ಟಿಲ್ಡೆ ಎಂಬ ಅಲೆಗೆರೆ, ಅದಕ್ಕೆ ಅಂಟಿಕೊಂಡು ಪ್ರಾಧ್ಯಾಪಕರ ಲಾಗಿನ್ ಹೆಸರು. ಸರ್ವರ್ ಒಂದೇ, ಪುಟ ಅವರವರದು. ಈ ರೂಢಿ ಚಳ್ಳಕೆರೆ, ಮೊಳಕಾಲ್ಮೂರು ಎಂಬ ನಮ್ಮ ಎರಡು ತಾಲ್ಲೂಕುಗಳ ಕಾಲೇಜು ಲ್ಯಾಬುಗಳಿಗೂ ಬರಬೇಕೆಂಬುದು ನನ್ನ ಆಸೆ. ಹಳೆಯ ಕಂಪ್ಯೂಟರ್, ಲಿನಕ್ಸ್, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ಇದ್ದರೆ ಸಾಕು. ಇಂಟರ್ನೆಟ್ ಕೈಕೊಟ್ಟರೂ ಲ್ಯಾಬಿನೊಳಗೆ ಕೆಲಸ ನಿಲ್ಲದು.

ಅಪಾಚೆಯ ಯೂಸರ್‌ಡಿರ್ ಮಾಡ್ಯೂಲ್ ಚಾಲೂ ಮಾಡಿದರೆ, ಪ್ರತಿ ವಿದ್ಯಾರ್ಥಿಯ ಹೋಮ್ ಡೈರೆಕ್ಟರಿಯಲ್ಲಿರುವ ‘ಪಬ್ಲಿಕ್_ಎಚ್‌ಟಿಎಂಎಲ್’ ಫೋಲ್ಡರ್ ಜಾಲಪುಟವಾಗುತ್ತದೆ. ಉಬುಂಟುವಿನ 21.04ರಿಂದ ಈಚಿನ ಆವೃತ್ತಿಗಳಲ್ಲಿ ಹೋಮ್ ಡೈರೆಕ್ಟರಿಗೆ 750 ಅನುಮತಿ ಇರುವುದರಿಂದ ಸರ್ವರ್ ಹೊಸ್ತಿಲಲ್ಲೇ ನಿಲ್ಲುತ್ತದೆ. 711 ಮಾಡಿದರೆ ಒಳಗೆ ಹಾದುಹೋಗಬಲ್ಲದು, ಆದರೆ ಏನೇನಿದೆ ಎಂದು ಪಟ್ಟಿ ಮಾಡಲಾಗದು.

ಪುಟ ತೋರಿಸುವುದು ಇಷ್ಟೇ. ನನಗೆ ಪ್ರಿಯವಾದದ್ದು ಸ್ಕ್ರಿಪ್ಟ್ ಓಡಿಸುವ ಭಾಗ. ಶೇಂಗಾ ಚೀಲದ ತೂಕ, ದರ ಕೊಟ್ಟರೆ ಲೆಕ್ಕ ಹೇಳುವ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಂ ಬ್ರೌಸರಿನಲ್ಲಿ ಉತ್ತರ ಕೊಟ್ಟಾಗ ಕಲಿಯುವವರಿಗೆ ಸಿಗುವ ಹುರುಪು ಯಾವ ಪಾಠದಿಂದಲೂ ಸಿಗದು. ಇದಕ್ಕೆ, ಸರ್ವರಿನಲ್ಲಿ ಪ್ರೋಗ್ರಾಂ ಓಡಿಸಿ ಉತ್ತರವನ್ನು ಬ್ರೌಸರಿಗೆ ಕೊಡುವ ಸಿಜಿಐ ಸಾಕು. 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸರ್ವರಿನೊಂದಿಗೆ ಬಂದ ಆ ಪದ್ಧತಿ ಇಂದಿಗೂ ನಡೆಯುತ್ತದೆ. ಸಿಜಿಐ ಮಾಡ್ಯೂಲ್ ಹಾಕಿ, ವಿದ್ಯಾರ್ಥಿಗಳ ‘ಸಿಜಿಐ-ಬಿನ್’ ಫೋಲ್ಡರಿಗೆ ಮಾತ್ರ ‘ಎಕ್ಸೆಕ್‌ಸಿಜಿಐ’ ಅನುಮತಿ ಕೊಡಿ. ಇಡೀ ಪುಟಕ್ಕೆ ಕೊಡುವುದು ಬೇಡ.

ಇಷ್ಟಕ್ಕೇ ಬಿಟ್ಟರೆ ಎಲ್ಲರ ಸ್ಕ್ರಿಪ್ಟೂ ಸರ್ವರಿನ ಒಂದೇ ಖಾತೆಯ ಹೆಸರಿನಲ್ಲಿ ಓಡುತ್ತದೆ. ಆ ಖಾತೆಗೆ ಬರೆಯಲು ಬಿಟ್ಟ ಕಡತ ಯಾರದ್ದೇ ಇರಲಿ, ಇನ್ನೊಬ್ಬರ ಸ್ಕ್ರಿಪ್ಟ್ ಅದನ್ನು ಅಳಿಸಬಲ್ಲದು. ಅದಕ್ಕೇ ಅಪಾಚೆಯ ಎಸ್‌ಯು-ಎಕ್ಸೆಕ್ ಬೇಕು. ಮೊಳಕಾಲ್ಮೂರಿನ ನೇಕಾರರು ತಮ್ಮ ಮನೆಯ ಮಗ್ಗದಲ್ಲೇ ಕೂತು ನೇಯುವಂತೆ, ಇದರಡಿ ಪ್ರತಿ ಸ್ಕ್ರಿಪ್ಟೂ ಅದರ ಒಡೆಯರ ಖಾತೆಯಲ್ಲೇ ಓಡುತ್ತದೆ. ಟಿಲ್ಡೆ ವಿಳಾಸ ಕಂಡರೆ ತಾನಾಗಿಯೇ ಹಾಗೆ ಮಾಡುತ್ತದೆ.

ಎಸ್‌ಯು-ಎಕ್ಸೆಕ್ ಬಹಳ ಕಟ್ಟುನಿಟ್ಟು; ನಾನು ಅದನ್ನು ಮೆಚ್ಚುವುದೂ ಅದಕ್ಕೇ. ಕಡತಕ್ಕೋ ಫೋಲ್ಡರಿಗೋ ಒಡೆಯರಲ್ಲದೆ ಬೇರೆಯವರಿಗೆ ಬರೆಯುವ ಅನುಮತಿ ಇದ್ದರೆ ಓಡಿಸುವುದಿಲ್ಲ. ಒಡೆತನ ಹೊಂದದಿದ್ದರೆ ಓಡಿಸುವುದಿಲ್ಲ. ರೂಟ್ ಹೆಸರಿನಲ್ಲಂತೂ ಇಲ್ಲವೇ ಇಲ್ಲ. ‘ಓಡದಿದ್ದರೆ 777 ಕೊಡು’ ಎಂಬ ಲ್ಯಾಬಿನ ಕೆಟ್ಟ ಸಲಹೆ ಇಲ್ಲಿ ನಡೆಯದು. 777 ಕೊಟ್ಟರೇ ಸ್ಕ್ರಿಪ್ಟ್ ನಿಲ್ಲುತ್ತದೆ. 755 ಸರಿ, 700 ಇನ್ನೂ ಒಳ್ಳೆಯದು. ಬ್ರೌಸರ್ ‘500’ ಎಂದಷ್ಟೇ ಹೇಳಿದಾಗ ‘ಎಸ್‌ಯುಎಕ್ಸೆಕ್.ಲಾಗ್’ ತೆರೆದು ನೋಡಿ, ಕಾರಣ ಅಲ್ಲಿರುತ್ತದೆ.

ಲಾಗಿನಲ್ಲಿ ಅನುಮತಿ, ಒಡೆತನದ ತಕರಾರಿಲ್ಲದೆಯೂ ಓಡದಿದ್ದರೆ, ಕಡತ ವಿಂಡೋಸ್‌ನಲ್ಲಿ ಬರೆದದ್ದೇ ನೋಡಿ. ಸಾಲಿನ ಕೊನೆಯ ಕಾಣದ ಅಕ್ಷರ ಮೊದಲ ಸಾಲನ್ನೇ ಕೆಡಿಸುತ್ತದೆ. ಸ್ಕ್ರಿಪ್ಟ್ ಮೊದಲು ಮುದ್ರಿಸುವ ಕಂಟೆಂಟ್-ಟೈಪ್ ಸಾಲಿನ ನಂತರ ಒಂದು ಖಾಲಿ ಸಾಲು ಬೇಕೇ ಬೇಕು. ಕಂಟೆಂಟ್-ಟೈಪ್ ಸಾಲಿನಲ್ಲೇ ಯುಟಿಎಫ್-8 ಎಂದು ಸೇರಿಸಿದರೆ ಕನ್ನಡ ಅಕ್ಷರ ಚೆಲ್ಲಾಪಿಲ್ಲಿಯಾಗದು.

ಯಾರಾದರೂ ಮುಗಿಯದ ಲೂಪ್ ಬರೆದೇ ಬರೆಯುತ್ತಾರೆ. ‘ಆರ್‌ಲಿಮಿಟ್‌ಸಿಪಿಯು’ ಎಂಬ ಸಿಪಿಯು ಸಮಯದ ಮಿತಿ ಹಾಕಿಟ್ಟರೆ ಅಂಥದ್ದು ಕೆಲವು ಸೆಕೆಂಡಿನಲ್ಲೇ ಸಾಯುತ್ತದೆ. ‘ಆರ್‌ಲಿಮಿಟ್‌ಎನ್‌ಪ್ರಾಕ್’ ಎಂಬ ಪ್ರೋಸೆಸ್ ಸಂಖ್ಯೆಯ ಮಿತಿಯನ್ನು ಮಾತ್ರ ಎಸ್‌ಯು-ಎಕ್ಸೆಕ್ ಇದ್ದಾಗಲೇ ಬಳಸಿ. ಅದಿಲ್ಲದೆ ಹಾಕಿದರೆ ಮಿತಿ ಬೀಳುವುದು ಸರ್ವರಿನ ಖಾತೆಯ ಮೇಲೆಯೇ.