ಶಾಸ್ತ್ರಪರಿಭಾಷೆಯಲ್ಲಿ ರೂಪಕದ ಔಚಿತ್ಯ

ಶಾಸ್ತ್ರಪರಿಭಾಷೆಯ ವಿಚಾರವಾಗಿ ಕನ್ನಡದಲ್ಲಿ ನಡೆದಿರುವ ಚರ್ಚೆಯ ಬಹುಭಾಗವು ಸಂಸ್ಕೃತಪದವೋ ದೇಶ್ಯಪದವೋ ಎಂಬ ಪ್ರಶ್ನೆಯನ್ನೇ ಸುತ್ತುತ್ತಿರುವುದು. ಸಂಸ್ಕೃತ ಕನ್ನಡ ಪದಗಳ ಅರಿಸಮಾಸವನ್ನು ಕವಿರಾಜಮಾರ್ಗವು (ಸು. 850) ದೋಷವೆಂದು ಎಣಿಸಿತು, ಪದದ ಕುಲವನ್ನು ವಿಚಾರಿಸುವ ಅಭ್ಯಾಸವು ಪಂಡಿತರಲ್ಲಿ ಅಷ್ಟು ಹಳೆಯದು. ಆದರೆ ಪದದೊಳಗೆ ಅಡಗಿರುವ ರೂಪಕವು ವಸ್ತುವಿಗೆ ಒಪ್ಪುವುದೋ ಇಲ್ಲವೋ ಎಂಬ ವಿಚಾರವು, ಕಾವ್ಯಮೀಮಾಂಸೆಯಲ್ಲಿ ಔಚಿತ್ಯವೆಂಬ ಹೆಸರಿನಿಂದ ನೆಲೆಗೊಂಡಿದ್ದರೂ, ಶಾಸ್ತ್ರಗದ್ಯದ ವಿಮರ್ಶೆಗೆ ತಕ್ಕಷ್ಟು ಇಳಿದುಬಂದಿಲ್ಲ. ಕಾವ್ಯದಲ್ಲಿ ಅನುಚಿತ ರೂಪಕದಿಂದ ರಸಭಂಗವಾದೀತು. ಶಾಸ್ತ್ರದಲ್ಲಿ ಅದರಿಂದ ಹಲ್ಲು ಹೋದೀತು, ಬೆಳೆ ಕೆಟ್ಟೀತು.

ಈ ಮಾತಿನ ಪರೀಕ್ಷೆಗೆ ವಿಜಯಪುರವು ತಕ್ಕ ಸ್ಥಳವಾಗಿದೆ. ಫ. ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದ ಊರು ಅದು. 1933ರಲ್ಲಿ ಒಣಬೇಸಾಯದ ಸಂಶೋಧನೆಯು ನೆಲೆಗೊಂಡುದೂ ಅಲ್ಲಿಯೇ. ಈಗ ನಗರದಲ್ಲಿ ದಂತವೈದ್ಯದ ಶಿಕ್ಷಣವುಂಟು. ನೆರೆಯ ತಿಕೋಟಾ, ಬಬಲೇಶ್ವರಗಳ ಎರೆಹೊಲಗಳಲ್ಲಿ ಕಡಲೆ ತೊಗರಿಗಳೂ, ತೋಟಗಳಲ್ಲಿ ದ್ರಾಕ್ಷಿ ದಾಳಿಂಬೆಗಳೂ ಬೆಳೆಯುತ್ತವೆ. ವೈದ್ಯನ ಮಾತೂ ಕೃಷಿಶಾಸ್ತ್ರಜ್ಞನ ಮಾತೂ ಒಂದೇ ಮನೆಯ ಬಾಗಿಲಿಗೆ ಬರುವ ಸೀಮೆಯಿದು.

ಮೊದಲು ‘ಹುಳುಕು’ ಎಂಬ ಮಾತನ್ನು ನೋಡಬಹುದು. ಹಲ್ಲಿಗೆ ಹುಳ ಹತ್ತಿತೆಂಬ ಭಾವನೆಯು ಈ ಪದದಲ್ಲಿ ಹುದುಗಿದೆ. ಈ ಭಾವನೆ ಕನ್ನಡಿಗರದು ಮಾತ್ರವಲ್ಲ. ಅನೇಕ ಪ್ರಾಚೀನ ಜನಾಂಗಗಳಲ್ಲಿ ಅದು ಇದ್ದಿತು. ಫ್ರಾನ್ಸಿನ ಪಿಯೇರ್ ಫೋಷಾರನು 1728ರ ತನ್ನ ಗ್ರಂಥದಲ್ಲಿ ಅದನ್ನು ತಿರಸ್ಕರಿಸಿದನು. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆ ಪಿಷ್ಟಗಳಿಂದ ಹುಟ್ಟಿಸುವ ಆಮ್ಲವು ಹಲ್ಲನ್ನು ಕರಗಿಸುವುದೆಂದು ಡಬ್ಲ್ಯು. ಡಿ. ಮಿಲ್ಲರನು 1890ರಲ್ಲಿ ವಿವರಿಸಿದನು. ಹುಳವೆಂದು ನಂಬಿದವನು ಹೊಗೆ ಹಾಕಿಸಿ ಹುಳ ಬೀಳಿಸುವವನನ್ನು ಹುಡುಕುವನು. ಆಮ್ಲವೆಂದು ತಿಳಿದವನು ಸಿಹಿಯನ್ನು ಮಿತಗೊಳಿಸಿ ಬಾಯಿ ತೊಳೆಯುವನು. ಹಲ್ಲಿಗೆ ತುಂಬುವ ದ್ರವ್ಯದ ಹೆಸರಿನಲ್ಲಿಯೂ ಇಂತಹದೇ ತೊಡಕುಂಟು. ‘ಬೆಳ್ಳಿ’ ತುಂಬಿಸಿದರೆಂದು ಹೇಳುವ ಆ ಮಿಶ್ರಣದಲ್ಲಿ ಸುಮಾರು ಅರ್ಧಪಾಲು ಪಾದರಸವಿರುತ್ತದೆ. ಹೆಸರು ಅದನ್ನು ಮರೆಮಾಡುತ್ತದೆ. ಇದಕ್ಕೆ ಪ್ರತಿಯಾಗಿ, ವಿಲ್ಸನ್ ಮತ್ತು ಕೆಂಟ್ ಎಂಬವರು 1972ರಲ್ಲಿ ಪ್ರಕಟಪಡಿಸಿದ ಗಾಜಿನ ಪುಡಿಯ ದಂತದ್ರವ್ಯಕ್ಕೆ ‘ಸಿಮೆಂಟು’ ಎಂಬ ಹೆಸರು ಒಪ್ಪುತ್ತದೆ. ಅದು ಹಲ್ಲಿನ ಸುಣ್ಣದಂಶದೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದು.

ಹುಳವಿಲ್ಲದ ಕಡೆ ಹುಳವನ್ನು ಹೇಳುವ ಪದವಿರುವಂತೆಯೇ, ಹುಳವಿರುವ ಕಡೆ ಅದನ್ನು ಹೇಳದ ಪದವೂ ಉಂಟು. ಕಡಲೆ ತೊಗರಿಗಳ ಬೇರಿನಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯವು ನೆಲಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಗಂಟುಗಳನ್ನು ಕಟ್ಟುತ್ತದೆ. ಬೆಯೆರಿಂಕನು 1888ರಲ್ಲಿ ಇದನ್ನು ಬೇರ್ಪಡಿಸಿ ಬೆಳೆಸಿದನು. ಕನ್ನಡದಲ್ಲಿ ಇದು ‘ಬೇರುಗಂಟು’. ಕಣ್ಣಿಗೆ ಕಾಣದ ಜಂತುಹುಳುಗಳು ದಾಳಿಂಬೆ ಮೊದಲಾದವುಗಳ ಬೇರನ್ನು ಉಬ್ಬಿಸಿ ಗಿಡವನ್ನು ಸೊರಗಿಸಿದರೆ, ಅದೂ ‘ಬೇರುಗಂಟು ರೋಗ’. ಉಪಕಾರಿಗೂ ಅಪಕಾರಿಗೂ ಒಂದೇ ಹೆಸರು! ಬೆಲ್ಲದ ಅಂಟಿನಿಂದ ರೈಜೋಬಿಯಂ ಲೇಪಿಸಿ, ನೆರಳಿನಲ್ಲಿ ಆರಿಸಿ ಬೀಜವನ್ನು ಬಿತ್ತಿದ ಒಕ್ಕಲಿಗನು, ತಾನೇ ಬರಿಸಿಕೊಂಡ ಗಂಟನ್ನು ಕಂಡು ರೋಗವೆಂದು ಶಂಕಿಸುವುದಕ್ಕೆ ಈ ಪದವೇ ಎಡೆಗೊಡುತ್ತದೆ. ಸಾರದ ಗಂಟು ಬೇರಿನ ಪಕ್ಕಕ್ಕೆ ಹತ್ತಿಕೊಂಡು ಸುಲಭವಾಗಿ ಉದುರುವುದು, ಸೀಳಿದರೆ ಒಳಗೆ ನಸುಗೆಂಪಾಗಿರುವುದು; ರೋಗದ ಗಂಟು ಬೇರಿನದೇ ಬಾವು. ಕೈಗೆ ತಿಳಿಯುವ ಈ ಭೇದವು ಮಾತಿಗೂ ತಿಳಿಯಬೇಕಾದರೆ ‘ಸಾರಗಂಟು’, ‘ಹುಳುಗಂಟು’ ಎಂಬ ಎರಡು ಮಾತುಗಳು ಸಾಕಾಗುವುವು.

ಬ್ಯಾಕ್ಟೀರಿಯಕ್ಕೆ ಇಟ್ಟಿರುವ ಹೆಸರಿನಲ್ಲಿಯೂ ತೊಡಕಿದೆ. ದಾಳಿಂಬೆಯ ರೋಗವೊಂದನ್ನು ಕೃಷಿಪ್ರಕಟಣೆಗಳು ‘ದುಂಡಾಣು ಅಂಗಮಾರಿ’ ಎನ್ನುತ್ತವೆ. ರೋಗಕಾರಕವಾದ ಜಾಂಥೊಮೊನಾಸ್ ದುಂಡಗಿಲ್ಲ, ಕೋಲಿನಂತಿದೆ. ಬ್ಯಾಕ್ಟೀರಿಯವೆಂಬ ಶಬ್ದಕ್ಕೆ ಗ್ರೀಕ್ ಮೂಲದಲ್ಲಿ ಚಿಕ್ಕ ಕೋಲೆಂದೇ ಅರ್ಥ. ಒಂದು ಉಕಾರವನ್ನು ತೆಗೆದು ‘ದಂಡಾಣು’ ಎಂದಿದ್ದರೆ ಮೂಲಾರ್ಥವೂ ಆಕಾರವೂ ಒಟ್ಟಿಗೆ ಉಳಿಯುತ್ತಿದ್ದುವು. ಎಲ್ಲ ಬ್ಯಾಕ್ಟೀರಿಯಗಳನ್ನೂ ‘ರೋಗಾಣು’ವೆನ್ನುವ ರೂಢಿಯಂತೂ ಇನ್ನೂ ಅನ್ಯಾಯದ್ದು, ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ದೊರೆತುದು ಮಣ್ಣಿನ ಬ್ಯಾಕ್ಟೀರಿಯದಿಂದಲೇ.

ಕಡಲಿಲ್ಲದ ಈ ಸೀಮೆಯ ಶಾಲೆಗಳಿಗೆ ಕಡಲಿನ ಶಾಸ್ತ್ರವು ಪಾಠಪುಸ್ತಕದ ಮಾತಾಗಿ ಮಾತ್ರ ಬರುವುದರಿಂದ, ಅಲ್ಲಿ ಪದದ ಹೊಣೆ ಮತ್ತಷ್ಟು ಹೆಚ್ಚಿನದು. ಅಮೆರಿಕದ ಉಷ್ಣವಲಯದ ತೀರಕ್ಕೆ ಸೇರಿದ ಮೈಟಿಲಾಪ್ಸಿಸ್ ಎಂಬ ಚಿಪ್ಪುಜೀವಿಯು 1967ರಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದಿತು. ಇಂತಹವನ್ನು ‘ಆಕ್ರಮಣಕಾರಿ ಪ್ರಭೇದ’ಗಳೆನ್ನುವರು. ಆದರೆ ಆ ಚಿಪ್ಪು ದಂಡೆತ್ತಿ ಬಂದುದಲ್ಲ. ಹಡಗಿನ ತಳಕ್ಕೆ ಅಂಟಿಕೊಂಡೋ, ಹಡಗಿನ ತೂಕಕ್ಕಾಗಿ ತುಂಬುವ ನೀರಿನಲ್ಲಿ ಮರಿಯಾಗಿಯೋ ಇಂತಹ ಜೀವಿಗಳು ಬರುತ್ತವೆ, ತಂದವನು ಮನುಷ್ಯನು. ದಂಡಯಾತ್ರೆಯ ರೂಪಕವು ತಂದವನನ್ನು ಬಿಟ್ಟು ಬಂದುದನ್ನು ದೂರುತ್ತದೆ. ಆ ನೀರಿನ ನಿಯಂತ್ರಣಕ್ಕೆ 2004ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ಕಟ್ಟುಪಾಡು ವಿಧಿಸಿರುವುದು ಹಡಗಿಗೆ, ಚಿಪ್ಪಿಗಲ್ಲ. ನೆಲದ ಮೇಲೆ ‘ಬಳ್ಳಾರಿ ಜಾಲಿ’ಯದೂ ಇದೇ ಕಥೆ: ಅಮೆರಿಕದಿಂದ ತಂದು ನೆಟ್ಟ ಗಿಡಕ್ಕೆ ಬಳ್ಳಾರಿಯ ಹುಟ್ಟು ಆರೋಪಿತವಾಗಿದೆ. ಪರದೇಶದ್ದೆಂಬುದೇ ದೋಷವೂ ಅಲ್ಲ; ಮೆಣಸಿನಕಾಯಿಯೂ ಅಮೆರಿಕದ್ದೇ. ಬಂದುದು, ತಂದುದು, ಹಬ್ಬಿ ಕೆಡಿಸುವುದು ಎಂಬ ಮೂರನ್ನೂ ಪಾಠವು ಬೇರ್ಪಡಿಸಿ ಹೇಳಬೇಕು.

ಇಲ್ಲಿ ಒಂದು ಆಕ್ಷೇಪವುಂಟು. ಸೂರ್ಯನು ಏಳುವುದಿಲ್ಲವೆಂದು ತಿಳಿದ ಬಳಿಕವೂ ಸೂರ್ಯೋದಯವೆನ್ನುವಂತೆ, ಹಳೆಯ ರೂಪಕವನ್ನು ಯಾರೂ ಅಕ್ಷರಶಃ ಗ್ರಹಿಸುವುದಿಲ್ಲವೆಂದು ಹೇಳಬಹುದು. ಸಮಾಧಾನವಿಷ್ಟೆ: ಸೂರ್ಯೋದಯವೆಂಬ ಮಾತಿನಿಂದ ಯಾರೂ ತಪ್ಪು ಕೆಲಸವನ್ನು ಮಾಡುವುದಿಲ್ಲ, ಹುಳುಕು, ಬೇರುಗಂಟುಗಳಿಂದ ಮಾಡಬಹುದು. ಪದವು ಯಾವ ಕಾರ್ಯಕ್ಕೆ ಪ್ರೇರಿಸುವುದೆಂಬುದೇ ಒರೆಗಲ್ಲು. ಹಾಗೆಂದು ‘ಹುಳುಕು’ವನ್ನು ಬಹಿಷ್ಕರಿಸುವುದು ವ್ಯರ್ಥ, ಜನರ ಬಾಯಲ್ಲಿ ಬಾಳಿದ ಪದಕ್ಕೆ ಅಧ್ಯಾಪಕನ ವಿವರಣೆಯು ಒಡನಾಡಿಯಾದರೆ ಸಾಕು. ಆದರೆ ‘ದುಂಡಾಣು’, ‘ಆಕ್ರಮಣಕಾರಿ ಪ್ರಭೇದ’ ಮೊದಲಾದವು ವಿದ್ವಾಂಸರು ಕಟ್ಟಿದ ಪದಗಳು. ಕಟ್ಟಿದವರಿಗೆ ತಿದ್ದುವ ಹೊಣೆಯೂ ಉಂಟು.

ಚಾವುಂಡರಾಯನು ಸು. 1025ರಲ್ಲಿ ನೀರು, ಗಿಡ, ಮದ್ದು, ಅಡುಗೆಗಳನ್ನು ಕುರಿತು ರಚಿಸಿದ ಗ್ರಂಥಕ್ಕೆ ‘ಲೋಕೋಪಕಾರ’ವೆಂದು ಹೆಸರಿಟ್ಟನು. ಶಾಸ್ತ್ರಸಾಹಿತ್ಯದ ಪ್ರಯೋಜನವು ಆ ಒಂದು ಪದದಲ್ಲಿ ಅಡಗಿದೆ. ಕನ್ನಡದ ಅಧ್ಯಾಪಕನು ಪದ್ಯದ ರೂಪಕಕ್ಕೆ ತೋರುವ ಎಚ್ಚರವನ್ನು ಪಾಠಪುಸ್ತಕದ ಪದಕ್ಕೂ ತೋರಿದರೆ, ತಿಕೋಟಾದ ಹೊಲದಲ್ಲಿ ಕಿತ್ತು ನೋಡಿದ ಬೇರಿನ ಗಂಟು ರೋಗವೋ ಸಾರವೋ ಎಂಬುದು ಹೆಸರಿನಿಂದಲೇ ತಿಳಿಯುವ ಕಾಲವು ಬಂದೀತು.