ಬಾಯಿಬಟ್ಟೆಯೂ ಕೊರಳ ಮಡಕೆಯೂ

2020ರ ಮಾರ್ಚ್‌ನಿಂದ ಈಚೆಗೆ ಕನ್ನಡದಲ್ಲಿ ಬಂದ 'ಕೊರೊನಾ ಕವಿತೆ'ಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಅವು ಎರಡು ರಾಶಿಯಾಗಿ ಬೀಳುತ್ತವೆ. ಒಂದು ರಾಶಿ ಮನೆಯೊಳಗೆ ಬೆಚ್ಚಗೆ ಕೂತವರದು. ಅಲ್ಲಿ ಹಕ್ಕಿಗಳು ಮರಳಿ ಬಂದಿವೆ, ಆಕಾಶ ತಿಳಿಯಾಗಿದೆ, ಪ್ರಕೃತಿಮಾತೆ ಮನುಷ್ಯನಿಗೆ ಪಾಠ ಕಲಿಸಿದ್ದಾಳೆ. ಇನ್ನೊಂದು ರಾಶಿ ನಮ್ಮವರದು. ಅಲ್ಲಿ ಮಾಸ್ಕ್ ಎಂದರೆ ಬಾಯಿಗೆ ಜಡಿದ ಬೀಗ. ಪ್ರಭುತ್ವ ನಮ್ಮ ದನಿ ಅಡಗಿಸುವುದಕ್ಕೆ ಕಟ್ಟಿದ ಬಟ್ಟೆ. ಅದನ್ನು ಕಿತ್ತೊಗೆದು ಕೂಗಿ ಎನ್ನುವ ಕರೆ. ಮೊದಲನೆಯ ರಾಶಿ ಸುಳ್ಳು ಅಂತ ಹೇಳುವುದಕ್ಕೆ ನಮಗೆ ಹೆಚ್ಚು ಹೊತ್ತು ಬೇಡ. ಎರಡನೆಯದು ತಪ್ಪು ಅಂತ ಹೇಳುವುದೇ ಕಷ್ಟ, ಯಾಕೆಂದರೆ ಬರೆದವರು ನಮ್ಮ ಗೆಳೆಯರು, ಅವರ ಸಿಟ್ಟು ನಮ್ಮದೇ ಸಿಟ್ಟು. ಆದರೂ ಹೇಳಬೇಕು. ಬಂಡಾಯದ ವಿಮರ್ಶೆ ಎದುರಾಳಿಯನ್ನು ಮಾತ್ರ ಬಯ್ದುಕೊಂಡು ಕೂತರೆ ಅದೂ ಒಂದು ಭಜನೆಯಾಗುತ್ತದೆ.

1

'ಮನೆಯಲ್ಲೇ ಇರಿ' ಎನ್ನುವುದು ಮನೆ ಇದ್ದವರ ಮಾತು. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಕಡೆ ಆರಡಿ ದೂರ ಎಲ್ಲಿಂದ ತರುವುದು? ಕೇರಿಗೆಲ್ಲ ಒಂದೇ ನಲ್ಲಿ ಇರುವಲ್ಲಿ ತಾಸಿಗೊಮ್ಮೆ ಕೈ ತೊಳೆಯುವುದು ಹೇಗೆ? ಈ ಪ್ರಶ್ನೆ ಪ್ರಕೃತಿ ಕವಿಗಳಿಗೆ ಬೀಳಲೇ ಇಲ್ಲ. 2020ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ತಮ್ಮ ಊರಿಗೆ ಹೋಗಬೇಕಾಗಿದ್ದ ಉತ್ತರದ ಕೂಲಿಕಾರರ ರೈಲುಗಳನ್ನು, ಕಟ್ಟಡ ಉದ್ಯಮಿಗಳ ಜೊತೆ ಸಭೆ ಆದ ಬೆನ್ನಿಗೇ, ರಾಜ್ಯ ಸರ್ಕಾರ ರದ್ದು ಮಾಡಿತು. ದೇಶವೆಲ್ಲ ಛೀ ಅಂದ ಮೇಲೆ ಮತ್ತೆ ಬಿಟ್ಟಿತು. ಆ ಎರಡು ಮೂರು ದಿನದಲ್ಲಿ ಈ ವ್ಯವಸ್ಥೆಯ ಮುಖದ ಮೇಲೆ ಯಾವ ಬಟ್ಟೆಯೂ ಇರಲಿಲ್ಲ, ಅದು ಯಾರದು ಅಂತ ನಿಚ್ಚಳವಾಗಿ ಕಂಡಿತು. ಅದನ್ನು ಕಾಣದೆ ಹಕ್ಕಿ ಕಂಡ ಕಣ್ಣಿಗೆ ನಾವು ಏನು ಹೇಳುವುದು?

ಇದೇ ಕಣ್ಣಿಗೆ ಬೀಳದೆ ಹೋದದ್ದು ಇನ್ನೊಂದುಂಟು, ಒಂದು ಶಬ್ದ. 'ಸಾಮಾಜಿಕ ಅಂತರ'. 2020ರ ಮಾರ್ಚ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಮಾತು ಬೇಡ, 'ದೈಹಿಕ ಅಂತರ' ಎನ್ನೋಣ ಅಂದಿತು. ಮೈ ದೂರ ಇರಲಿ, ಮನಸ್ಸು ಹತ್ತಿರ ಇರಲಿ ಎಂಬುದು ಅದರ ಉದ್ದೇಶ. ನಮ್ಮ ಸರ್ಕಾರಗಳು, ಪತ್ರಿಕೆಗಳು ಹಳೆಯದನ್ನೇ ಹಿಡಿದುಕೊಂಡವು. ಹಿಡಿದುಕೊಳ್ಳದೆ ಏನು? ನಮ್ಮ ಸಮಾಜಕ್ಕೆ ಆ ಶಬ್ದ ಹೊಸ ಔಷಧಿಯಾಗಿರಲಿಲ್ಲ, ಹಳೆಯ ಚಟವಾಗಿತ್ತು. ಊರಿಗೂ ಕೇರಿಗೂ ನಡುವೆ ಅದನ್ನು ಅಳೆದು ಇಟ್ಟು ಎಷ್ಟು ಕಾಲವಾಯಿತೋ.

2

ನಮ್ಮ ಗೆಳೆಯರ ಸಿಟ್ಟಿನ ಬೇರು ಇಲ್ಲುಂಟು. ಬಾಯಿಗೆ ಏನನ್ನಾದರೂ ಕಟ್ಟು ಅಂದರೆ ನಮ್ಮ ರಕ್ತಕ್ಕೆ ಒಂದು ನೆನಪು ಬರುತ್ತದೆ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು, ಹೆಜ್ಜೆ ಗುರುತು ಅಳಿಸುವುದಕ್ಕೆ ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂಬುದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. 2020ರ ಏಪ್ರಿಲ್ 15ರಂದು ಕೇಂದ್ರ ಸರ್ಕಾರ ಸಾರ್ವಜನಿಕ ಜಾಗದಲ್ಲಿ ಮುಖ ಮುಚ್ಚುವುದು ಕಡ್ಡಾಯ, ಉಗುಳಿದರೆ ದಂಡ ಎಂದು ಹೇಳಿದಾಗ ನಮ್ಮ ಕವಿಗೆ ಆ ಮಡಕೆ ನೆನಪಾದರೆ ಆಶ್ಚರ್ಯವಿಲ್ಲ. ನೆನಪಾಗದಿದ್ದರೆ ಅವನು ನಮ್ಮ ಕವಿಯೇ ಅಲ್ಲ.

ಆದರೆ ನೆನಪಾದದ್ದೆಲ್ಲ ಒಂದೇ ಆಗುವುದಿಲ್ಲ. ಮಡಕೆಯನ್ನು ಕಟ್ಟಿದ್ದು ಒಬ್ಬನ ಕೊರಳಿಗೆ, ಅವನು ಹುಟ್ಟಿದ ಜಾತಿ ನೋಡಿ, ಸಾಯುವ ತನಕ. ಅದು ಉಳಿಸಿದ್ದು ಇನ್ನೊಬ್ಬನ ಮಡಿಯನ್ನು. ಮಾಸ್ಕ್ ಹಾಗಲ್ಲ. ಈ ರೋಗದ ಅಣು ಕೆಮ್ಮು ಜ್ವರ ಏನೂ ಇಲ್ಲದವನ ಉಸಿರಿನಲ್ಲೂ ಇರುತ್ತದೆ, ಆದ್ದರಿಂದ ಯಾರಲ್ಲಿದೆ ಅಂತ ಮುಖ ನೋಡಿ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಎಲ್ಲರೂ ಹಾಕಬೇಕು. ಬಟ್ಟೆಯ ಮಾಸ್ಕು ಹಾಕಿಕೊಂಡವನಿಗಿಂತ ಎದುರಿಗಿದ್ದವನನ್ನು ಹೆಚ್ಚು ಕಾಯುತ್ತದೆ. ಅಂದರೆ ದೇಸಾಯರು ಹಾಕಿದ ಮಾಸ್ಕು ಗದ್ದೆಯ ಆಳನ್ನು ಕಾಯಬೇಕು, ಆಳು ಹಾಕಿದ್ದು ದೇಸಾಯರನ್ನು. ಯಾವ ಮಡಿಯಲ್ಲಿ ಇಂಥ ಕೊಡುಕೊಳೆ ಇತ್ತು? ಒಡೆಯನ ಉಸಿರಿನಿಂದ ಆಳಿಗೂ ಅಪಾಯ ಉಂಟು ಅಂತ ಒಪ್ಪಿಕೊಂಡ ಮೊದಲ ನಿಯಮ ಇದು. ಅದನ್ನು ನಾವೇ ಕಿತ್ತೊಗೆದರೆ ನಷ್ಟ ಯಾರಿಗೆ?

ಈ ವ್ಯತ್ಯಾಸ ಬಿಡಿಸಿ ಹೇಳದಿದ್ದರೆ ಪುರೋಹಿತಶಾಹಿ ಅದರ ಲಾಭ ಪಡೆಯುತ್ತದೆ, ಪಡೆದೂ ಆಯಿತು. 'ನೋಡಿ, ನಮ್ಮ ಹಿರಿಯರ ಮಡಿ-ಮೈಲಿಗೆ ಎಲ್ಲ ವಿಜ್ಞಾನವೇ ಆಗಿತ್ತು, ಈಗ ಜಗತ್ತೇ ಮಡಿ ಮಾಡುತ್ತಿದೆ' ಅಂತ ಕೊರೊನಾ ಕಾಲದಲ್ಲಿ ಎಷ್ಟು ಜನ ಎದೆಯುಬ್ಬಿಸಿಕೊಂಡು ಹೇಳಲಿಲ್ಲ! ಮಡಿ ವಿಜ್ಞಾನವಾಗಿತ್ತೋ ಇಲ್ಲವೋ ಎಂಬುದಕ್ಕೆ ಮಹಾಡಿನ ಚವದಾರ ಕೆರೆಯೇ ಸಾಕ್ಷಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರೂ ಅವರ ಜನರೂ ಆ ಕೆರೆಯ ನೀರು ಕುಡಿದರು. ಅದುವರೆಗೆ ಅಲ್ಲಿ ದನಕರುಗಳು ಬಾಯಿ ಹಾಕಬಹುದಿತ್ತು, ನಮ್ಮವರು ಹಾಗಿಲ್ಲ. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧ' ಮಾಡಿದರು. ಹೇಗೆ? ಸೆಗಣಿ, ಗಂಜಲ, ಹಾಲು, ಮೊಸರನ್ನು ಕೊಡಗಟ್ಟಲೆ ಕುಡಿಯುವ ನೀರಿಗೆ ಸುರಿದು! ಯಾವ ಆರೋಗ್ಯ ಇಲಾಖೆಯ ಯಾವ ಇನ್‌ಸ್ಪೆಕ್ಟರು ಇದನ್ನು ನೈರ್ಮಲ್ಯ ಎನ್ನುತ್ತಾನೆ? ಮಡಿಗೆ ಬೇಕಾದದ್ದು ಶುಚಿ ಅಲ್ಲ, ಮೇಲು ಕೀಳು.

ಮಾಸ್ಕಿನ ಚರಿತ್ರೆಯಲ್ಲೂ ಮೇಲು ಕೀಳಿನ ಕಥೆ ಒಂದುಂಟು, ನಮ್ಮ ಕವಿಗಳು ಓದಬೇಕಾದದ್ದು. 1910ರ ಕೊನೆಗೆ ಮಂಚೂರಿಯಾದ ಹಾರ್ಬಿನ್‌ನಲ್ಲಿ ಶ್ವಾಸಕೋಶದ ಪ್ಲೇಗು ಬಂತು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ಚೀನೀ ವೈದ್ಯ ವು ಲಿಯೆನ್-ತೆ, ರೋಗ ಉಸಿರಿನಿಂದ ಹರಡುತ್ತದೆ, ಎಲ್ಲರೂ ಹತ್ತಿ-ಜಾಳಿಬಟ್ಟೆಯ ಮಾಸ್ಕ್ ಕಟ್ಟಿ ಅಂದ. ಫ್ರೆಂಚ್ ವೈದ್ಯ ಮೆಸ್ನಿಗೆ ಈ 'ಚೀನೀಯ'ನ ಮಾತು ಕೇಳುವುದೆಂದರೆ ಅವಮಾನ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಲು ಹೋದ. 1911ರ ಜನವರಿಯಲ್ಲಿ ಅದೇ ಪ್ಲೇಗಿಗೆ ಸತ್ತ. ಆಮೇಲೆ ಆ ಊರಿನಲ್ಲಿ ಮಾಸ್ಕ್ ಎಲ್ಲರ ಮುಖಕ್ಕೂ ಬಂತು. ಆ ಬಟ್ಟೆ ಪ್ರಭುತ್ವದ ಬೀಗವಾಗಿ ಹುಟ್ಟಿದ್ದಲ್ಲ, ಕೀಳು ಎಂದು ನೋಡಿದ ಜನದ ಒಬ್ಬ ವಿದ್ಯಾವಂತ ಕಂಡ ಸತ್ಯವಾಗಿ ಜನರ ಮುಖಕ್ಕೆ ಬಂದದ್ದು. ಗರ್ವದ ಮೂಗೇ ಅಲ್ಲಿ ಬೆತ್ತಲೆ ಇದ್ದದ್ದು.

3

ಹಾಗಾದರೆ ಪ್ರಭುತ್ವದ ತಪ್ಪೇ ಇಲ್ಲವೋ? ಉಂಟು. ಬೇಕಾದಷ್ಟುಂಟು. ಅದು ಬಟ್ಟೆಯಲ್ಲಿಲ್ಲ, ಬಟ್ಟೆ ಕೊಡದೆ ದಂಡ ಹಾಕಿದ ಕೈಯಲ್ಲುಂಟು.

ನಮ್ಮನ್ನು ಮನೆಯಲ್ಲಿ ಕೂರಿಸಿದ ಕಾಯಿದೆಗಳಲ್ಲಿ ಒಂದು 1897ರದ್ದು. ಮುಂಬಯಿ ಪ್ಲೇಗಿನ ಕಾಲಕ್ಕೆ ಬ್ರಿಟಿಷರು ಅವಸರದಲ್ಲಿ ಮಾಡಿದ ನಾಲ್ಕೇ ಕಲಮಿನ ಕಾಯಿದೆ. ನಮ್ಮ ಕಾರವಾರ ಜಿಲ್ಲೆ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಈ ಕಾಯಿದೆ ನಮಗೆ ಅಜ್ಜನ ಕಾಲದ ಪರಿಚಯ. ಅದರಲ್ಲಿ ಜನ ಏನು ಮಾಡಬೇಕು, ಮಾಡದಿದ್ದರೆ ಯಾವ ಶಿಕ್ಷೆ ಎಂದುಂಟು. ಅಧಿಕಾರಿ ಮೇಲೆ ದಾವೆ ಹಾಕುವ ಹಾಗಿಲ್ಲ ಎಂದುಂಟು. ಸರ್ಕಾರ ಜನರಿಗೆ ಏನು ಕೊಡಬೇಕು ಎಂಬುದು ಮಾತ್ರ ಇಲ್ಲ. ಅದೇ 1897ರಲ್ಲಿ ಪುಣೆಯಲ್ಲಿ ಸೋಲ್ಜರುಗಳು ಮನೆಮನೆ ನುಗ್ಗಿದರು. ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ತಾವೂ ಪ್ಲೇಗಿಗೆ ತೀರಿಕೊಂಡರು. ಸಾರ್ವಜನಿಕ ಆರೋಗ್ಯಕ್ಕೆ ಎರಡು ಪರಂಪರೆ ಅಂದರೆ ಇವೇ: ಒಂದು ಬೂಟುಗಾಲಿನದು, ಒಂದು ಹೊತ್ತು ತಂದು ಉಪಚಾರ ಮಾಡುವ ಕೈಯದು. ನಾವು ಎರಡನೆಯದರ ಮಕ್ಕಳು. ಆದ್ದರಿಂದ ಆರೋಗ್ಯದ ನಿಯಮವನ್ನೇ ಶತ್ರು ಎನ್ನಲಾರೆವು.

ನಿಯಮ ಇಲ್ಲದಿದ್ದರೆ ಸಾಯುವವರು ಯಾರು? 1918ರ ಇನ್‌ಫ್ಲುಯೆಂಜಾ ಮುಂಬಯಿ ನಗರದಲ್ಲಿ ಸಾವಿರಕ್ಕೆ ಯುರೋಪಿಯನ್ನರಲ್ಲಿ 8.3 ಜನರನ್ನು, ಸವರ್ಣ ಹಿಂದೂಗಳಲ್ಲಿ 18.9 ಜನರನ್ನು, ಸರ್ಕಾರಿ ದಾಖಲೆ 'ಕೆಳಜಾತಿ' ಎಂದು ಕರೆದವರಲ್ಲಿ 61.6 ಜನರನ್ನು ಕೊಂಡೊಯ್ಯಿತು. ರೋಗದ ಅಣುವಿಗೆ ಜಾತಿ ಇಲ್ಲ ಎನ್ನುವುದು ಅರ್ಧ ಸತ್ಯ. ಅದು ಹೋಗಿ ಹೊಕ್ಕುವ ಮನೆಗೆ ಜಾತಿ ಉಂಟು, ಗಾಳಿಯಾಡದ ಕೋಣೆಗೆ ಜಾತಿ ಉಂಟು, ಅನ್ನ ಕಾಣದ ಮೈಗೆ ಜಾತಿ ಉಂಟು.

ಈಗ ದಂಡದ ಲೆಕ್ಕ ನೋಡೋಣ. 2020ರ ಅಕ್ಟೋಬರ್ ಮೊದಲ ವಾರ ಕರ್ನಾಟಕ ಸರ್ಕಾರ ಮಾಸ್ಕ್ ಇಲ್ಲದವರಿಗೆ ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿ ದಂಡ ಎಂದಿತು. ಆ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಹತ್ತಿರಹತ್ತಿರ ಎರಡು ದಿನ ಮಣ್ಣು ಹೊತ್ತರೆ ಒಂದು ದಂಡ! ಗಲಾಟೆಯಾದ ಮೇಲೆ ಒಂದೇ ವಾರದಲ್ಲಿ ಮಹಾನಗರಗಳಲ್ಲಿ 250, ಉಳಿದ ಕಡೆ 100 ಎಂದು ಇಳಿಸಿದರು. 2021ರ ಜನವರಿಯಲ್ಲಿ ಕೇಂದ್ರ ಗೃಹಮಂತ್ರಿಗಳು ಬಂದ ಬೆಳಗಾವಿಯ ಭಾರೀ ಸಭೆಯಲ್ಲಿ ಮಾಸ್ಕು ಅಂತರ ಎರಡೂ ಗಾಳಿಗೆ ಹೋದಾಗ, ಕ್ರಮ ಯಾಕಿಲ್ಲ ಅಂತ ಹೈಕೋರ್ಟೇ ಕೇಳಬೇಕಾಯಿತು. ಸಂತೆಯಲ್ಲಿ ಮೀನು ಮಾರುವ ಹೆಂಗಸಿಗೆ ರಸೀತಿ ಹರಿದು ಕೊಡುವುದಕ್ಕೆ ಹೈಕೋರ್ಟಿನ ಅಪ್ಪಣೆ ಬೇಕಾಗಿರಲಿಲ್ಲ.

ಮನೆಮನೆಗೆ ಹೋಗಿ ಮಾಸ್ಕ್ ಹಾಕಿ, ಕೈ ತೊಳೆಯಿರಿ ಅಂತ ಹೇಳಿದವರು ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42,000 ಆಶಾ ಹೆಣ್ಣುಮಕ್ಕಳು 2020ರ ಜುಲೈನಲ್ಲಿ ಮುಷ್ಕರ ಹೂಡಿದರು. ಕೇಳಿದ್ದೇನು? ತಿಂಗಳಿಗೆ 12,000 ರೂಪಾಯಿ ಗೌರವಧನ, ಮತ್ತು ಮಾಸ್ಕು, ಸ್ಯಾನಿಟೈಸರು, ರಕ್ಷಣೆಯ ಉಡುಪು. ಮಾಸ್ಕ್ ಹಾಕಿಸಲು ಹೋದವರೇ ಮಾಸ್ಕಿಗಾಗಿ ಬೀದಿಗೆ ಬರಬೇಕಾದ ಈ ನಾಡಿನಲ್ಲಿ ಕವಿಗೆ ರೂಪಕದ ಬರವೇ?

ನಮ್ಮ ಕಡೆ ಜಡ್ಡು ಬಂದರೆ ಮಾರಿಯನ್ನು ಊರ ಗಡಿ ದಾಟಿಸುವ ಪದ್ಧತಿ ಇತ್ತು. 2020ರ ಏಪ್ರಿಲ್‌ನಲ್ಲಿ ಆ ಪದ್ಧತಿ ಟೀವಿಗೆ ಬಂತು. ದೆಹಲಿಯ ನಿಜಾಮುದ್ದೀನಿನ ಸಭೆಯ ನೆಪದಲ್ಲಿ ರೋಗವನ್ನೆಲ್ಲ ಮುಸಲ್ಮಾನರ ತಲೆಗೆ ಹೊರಿಸಿದರು. ನಮ್ಮದೇ ಜಿಲ್ಲೆಯ ಭಟ್ಕಳದ ಹೆಸರು ಬಯ್ಗುಳವಾಯಿತು. ಆಗಸ್ಟ್‌ನಲ್ಲಿ ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠ ಇವರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದ ಮಾತು ಹೇಳಿ ಕೇಸು ಕಿತ್ತುಹಾಕಿತು. ಹೊರಿಸಿದವರು ಇಳಿಸಿಕೊಂಡಿದ್ದು ನಾವು ಕಾಣೆವು.

4

ಮಲ್ಲಾಪುರದ ಕಡೆಯವರಾದ ನಮಗೆ ನಿಯಮ ಎಂದರೆ ಏನು ಅಂತ ದಿನಾ ಕಣ್ಣೆದುರಿಗೇ ಉಂಟು. ಕಾಳಿ ಹೊಳೆಯ ಮಗ್ಗುಲಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ, 220 ಮೆಗಾವಾಟಿನ ನಾಲ್ಕು ಘಟಕ, ಮಲ್ಲಾಪುರದಲ್ಲಿ ಅದರ ನೌಕರರ ಟೌನ್‌ಶಿಪ್ಪು. ಈ ಸ್ಥಾವರ ಬೇಡ ಎಂದು ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೇ ನಿಂತು ಸೋತರು. ಆ ಜಗಳ ಬೇರೆ, ಇಲ್ಲಿ ಹೇಳುವ ಮಾತು ಬೇರೆ.

ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ರೋಗದ ಅಣುವೂ ಕಾಣುವುದಿಲ್ಲ. ಕಾಣದ್ದರಿಂದ ಕಾಯುವುದಕ್ಕೆ ಸ್ಥಾವರದೊಳಗೆ ಹೋದವನಿಗೆ ಮೈ ಮೇಲೆ ಬಿದ್ದ ವಿಕಿರಣ ಅಳೆಯುವ ಬ್ಯಾಡ್ಜ್ ಕೊಡುತ್ತಾರೆ. ಪೇಟೆಯಲ್ಲಿ ಕೊಂಡು ತಾ, ಇಲ್ಲದಿದ್ದರೆ ದಂಡ ಅನ್ನುವುದಿಲ್ಲ. ವರ್ಷಕ್ಕೆ ಇಷ್ಟೇ, 30 ಮಿಲಿಸೀವರ್ಟ್ ದಾಟಬಾರದು ಎಂಬ ಮಿತಿ ಉಂಟು. ಮೂತ್ರ ಪರೀಕ್ಷೆ ಉಂಟು. 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಮ್ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈ ಸೇರಿದ್ದು ಆ ಪರೀಕ್ಷೆಯಿಂದಲೇ ಹೊರಬಿದ್ದದ್ದು. ಅಂಥ ಕಡೆಯೂ ಅನಾಹುತ ಆಯಿತು ಎಂಬುದನ್ನು ಮರೆಯುವ ಹಾಗಿಲ್ಲ. ಆದರೆ ಕೊಡುವುದು, ಅಳೆಯುವುದು, ಕೆಟ್ಟರೆ ಉತ್ತರ ಹೇಳುವುದು ಈ ಮೂರೂ ಸೇರಿದರೆ ಮಾತ್ರ ನಿಯಮ ಎನ್ನುವ ಲೆಕ್ಕ ಅಲ್ಲಿ ಕಾಗದದ ಮೇಲಾದರೂ ಉಂಟು. ಯಂತ್ರ ಕಾಯುವ ಮೈಗೆ ಸಿಕ್ಕ ಈ ಲೆಕ್ಕ ಗಟಾರ ಕಾಯುವ ಮೈಗೆ, ಗದ್ದೆ ಕಾಯುವ ಮೈಗೆ, ಹೆಣ ಹೊರುವ ಮೈಗೆ ಯಾಕೆ ಸಿಗಲಿಲ್ಲ? ಉಳ್ಳವರು ಬಿಸಾಕಿದ ಮಾಸ್ಕನ್ನು ಕಸದಿಂದ ಎತ್ತಿದ ಪೌರಕಾರ್ಮಿಕನ ಕೈಗೆ ಗವಸು ಉಂಟೋ ಅಂತ ನೋಡಿದವರು ಯಾರು?

'ಎಂತ ಮಾಡೂದು, ಬಟ್ಟೆ ಉಂಟು, ತೊಳೂಕೆ ಸಾಬೂನಿಲ್ಲ' ಎನ್ನುವ ಹೆಂಗಸು ನಿಯಮದ ವಿರೋಧಿ ಅಲ್ಲ. ಅವಳು ನಿಯಮದ ಉಳಿದರ್ಧ ಕೇಳುತ್ತಿದ್ದಾಳೆ.

5

ಈಗ ಮತ್ತೆ ಕಾವ್ಯದ ಮಾತು. ಬೀಗದ ರೂಪಕ ನಮ್ಮ ಕವಿಗೆ ಸಲೀಸಾಗಿ ಸಿಗುತ್ತದೆ, ಸಲೀಸಾಗಿ ಸಿಕ್ಕಿದ್ದರಿಂದಲೇ ಅದನ್ನು ಅನುಮಾನಿಸಬೇಕು. ನಮ್ಮ ದನಿ ಅಡಗಿಸಿದ್ದು ಎರಡು ಪದರದ ಬಟ್ಟೆಯಲ್ಲ. ಮಾಸ್ಕ್ ಹಾಕಿಕೊಂಡೇ ಆಶಾ ಹೆಣ್ಣುಮಕ್ಕಳು ಘೋಷಣೆ ಕೂಗಿದರು, ಸರ್ಕಾರಕ್ಕೆ ಕೇಳಿಸಿತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲದೆ ಜನ ಸತ್ತರು, ಮೊದಲು ಬಂದ ಲೆಕ್ಕದಲ್ಲೇ 24. ಅವರ ಉಸಿರು ಕಟ್ಟಿಸಿದ್ದು ಬಟ್ಟೆಯೇ? ಸಿಲಿಂಡರು ತರದ ಆಡಳಿತ. 'ಮಾಸ್ಕ್ ನಮ್ಮ ಉಸಿರು ಕಟ್ಟಿಸಿತು' ಅಂತ ಬರೆದ ಕವಿ, ಈ ಸಾವುಗಳ ಎದುರು ತನ್ನ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಲಿ. ರೂಪಕ ಬಟ್ಟೆಯ ಕಡೆ ಬೆರಳು ತೋರಿಸಿದರೆ ಆಡಳಿತ ಹಿತ್ತಲ ಬಾಗಿಲಿಂದ ತಪ್ಪಿಸಿಕೊಂಡು ಹೋಗುತ್ತದೆ.

ಇನ್ನೊಂದು ಮಾತು. ನಮ್ಮ ಕವಿತೆಯನ್ನು ಓದುವವರು ಕಡಿಮೆ, ಕೇಳುವವರು ಹೆಚ್ಚು. ಕೇರಿಯಲ್ಲಿ ನಿಂತು ಕಿತ್ತೊಗೆಯಿರಿ ಎಂದು ಹಾಡಿದರೆ ಹುಡುಗರು ಕಿತ್ತೊಗೆಯುತ್ತಾರೆ, ಮೂಲೆಯಲ್ಲಿ ಕೆಮ್ಮುತ್ತಾ ಮಲಗಿದ ಅಜ್ಜಿ ಸಾಯುತ್ತಾಳೆ. ಕಾವ್ಯಕ್ಕೆ ಖಡ್ಗದ ಹೋಲಿಕೆ ಕೊಟ್ಟ ಚಳವಳಿ ನಮ್ಮದು. ಖಡ್ಗ ಹಿಡಿದವನಿಗೆ ಮೊನೆ ಯಾವ ಕಡೆ ಇದೆ ಅಂತ ಗೊತ್ತಿರಬೇಕು.

1970ರ ದಶಕದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಅದೂ ಸಾರ್ವಜನಿಕ ಆರೋಗ್ಯದ ನಿಯಮವೇ, ಅದೂ ಸರ್ಕಾರದ ಆಜ್ಞೆಯೇ. ಅದನ್ನು ನಾವು ಬೇಡಿ ಎನ್ನಲಿಲ್ಲ, ಬಿಡುಗಡೆ ಎಂದೆವು. ನಿಯಮ ಯಾರ ಮೈಯನ್ನು ಕಾಯುತ್ತದೆ ಎಂಬುದೇ ನಮ್ಮ ಅಳತೆಗೋಲು. ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂತ 1973ರಲ್ಲಿ ಹೇಳಿದವರೂ ಅವರೇ. ಆ ಮಾತು ಇವತ್ತು ನಮ್ಮ ಕವಿತೆಗಳ ಮೇಲೂ ಬೀಳಬಾರದೆಂದೇನಿಲ್ಲ.

ಕೊರೊನಾ ಹಳತಾಯಿತು, ಮಾಸ್ಕು ಮುಖದಿಂದ ಇಳಿಯಿತು. ಆದರೆ ಮುಂದಿನ ರೋಗ ಬರದೆ ಇರುವುದಿಲ್ಲ, 1897ರ ಬೂಟುಗಾಲೂ ಅದರ ಜೊತೆಗೇ ಬರುತ್ತದೆ. ಆಗ ನಮ್ಮ ಕವಿಗಳಿಂದ ನಾವು ಕೇಳುವುದು ಇಷ್ಟು: ಬಟ್ಟೆಯನ್ನು ಬಯ್ಯಬೇಡಿ, ನೀರು ಕೇಳಿ. ನಿಯಮವನ್ನು ಒಡೆಯಬೇಡಿ, ಅದನ್ನು ಎಲ್ಲರಿಗೂ ಸಮನಾಗಿ ಬಗ್ಗಿಸಿ. ಮುಖ ಮುಚ್ಚಿದ್ದರೂ ಕಣ್ಣು ತೆರೆದಿರುತ್ತದೆ, ಆ ಕಣ್ಣಿಂದ ಬರೆಯಿರಿ.