ವ್ಯಾನೇನೋ ಬಂತು, ಇಳಿಯಲು ತಾಣ?

ಹೊರದೇಶಗಳಲ್ಲಿ ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗುವವರ ವಿಡಿಯೊ ನೋಡಿ ನೋಡಿ ಪುಣೆಯ ಐಟಿ ಮಂದಿಗೂ ಆ ಗೀಳು ಹತ್ತಿದೆ. ಈ ಊರಿಗೆ ಗಾಡಿ ಕಟ್ಟುವ ವಿದ್ಯೆ ಹೊಸದಲ್ಲ. ನಾವು ಟಿಟಿ ಎನ್ನುವ ಟೆಂಪೊ ಟ್ರಾವೆಲರ್ ಪಕ್ಕದ ಆಕುರ್ಡಿಯ ಫೋರ್ಸ್ ಮೋಟರ್ಸ್ ಕಂಪನಿಯದು. ದೇಶದ ಎಷ್ಟೋ ಕ್ಯಾರವಾನುಗಳು, ಅಂದರೆ ಮನೆಗಾಡಿಗಳು, ಅದರ ಮೈಮೇಲೆಯೇ ಎದ್ದಿವೆ. ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಮನಸ್ಸಿಗೆ ಬಂದಂತೆ ವ್ಯಾನು ಕೊರೆದು ಮಂಚ ಕೂರಿಸುವಂತಿಲ್ಲ. ತಯಾರಕರ ಮೂಲ ವಿನ್ಯಾಸವನ್ನು ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಈ ವ್ಯಾನುಗಳೊಳಗಿನ ಮರಗೆಲಸಕ್ಕೆ ನನ್ನ ಪೂರ್ಣ ಅಂಕ. ಮಡಚುವ ಮಂಚ, ಸಿಂಕು, ನೆತ್ತಿಯ ಮೇಲೆ ಸೋಲಾರ್ ಫಲಕ, ಎಲ್ಲವೂ ಅಚ್ಚುಕಟ್ಟು. ತಕರಾರಿರುವುದು ಮೂಲೆಯ ಕಕ್ಕಸಿನ ಬಗ್ಗೆ. ಅದರ ಟ್ಯಾಂಕನ್ನು ಎಲ್ಲಿ ಖಾಲಿ ಮಾಡಬೇಕು? ಅಮೆರಿಕ, ಯುರೋಪುಗಳಲ್ಲಿ ಇದಕ್ಕೆಂದೇ ಕ್ಯಾಂಪ್ ಮೈದಾನಗಳಿವೆ: ನಲ್ಲಿ, ಕರೆಂಟಿನ ಪ್ಲಗ್ಗು, ಹೊಲಸು ಸುರಿಯಲು ಗುಂಡಿ. ಅಲ್ಲಿನ ಗಾಡಿಯ ಸೊಗಸು ಅರ್ಧ ಆ ಮೈದಾನದ್ದು. ನಾವು ಉಳಿದರ್ಧವನ್ನಷ್ಟೇ ತರಿಸಿಕೊಂಡಿದ್ದೇವೆ. ಹಾಗಾಗಿ ಪುಣೆ ಬಳಿಯ ಪವನಾ ಕೆರೆಯ ದಂಡೆಗೆ ಹೋದ ವ್ಯಾನು ಟೆಂಟು ಬಾಡಿಗೆಗೆ ಕೊಡುವವರ ಹೊಲದಲ್ಲಿ ನಿಂತು, ಅವರ ಮನೆಯಿಂದ ವೈರು ಎಳೆಸಿಕೊಂಡು, ಅವರ ಬಚ್ಚಲನ್ನೇ ನೆಚ್ಚುತ್ತದೆ. ಅಷ್ಟಕ್ಕೆ ಟೆಂಟೇ ಸಾಕಿತ್ತಲ್ಲ! 2021ರಲ್ಲಿ ಕೇರಳ, ಮಹಾರಾಷ್ಟ್ರ ಎರಡೂ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದವು. ಕೇರಳದ ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕೂ ಆಯಿತು. ಬಾಡಿಗೆ ವ್ಯಾನಿನ ಜಾಹೀರಾತುಗಳು ಮಾತ್ರ ಹಿಂಬಾಗಿಲಿನಿಂದ ಕಾಣುವ ಸೂರ್ಯಾಸ್ತವನ್ನೇ ತೋರಿಸುತ್ತವೆ, ಅಡಿಯ ಕೊಳವೆಯನ್ನಲ್ಲ.

ತಮಾಷೆಯೆಂದರೆ, ಗಾಡಿಯೊಂದಿಗೆ ಬಯಲಲ್ಲಿ ಬಾಳುವ ಪಾಠ ಪುಣೆಯ ಬೀದಿಯಲ್ಲೇ ವರ್ಷಕ್ಕೊಮ್ಮೆ ಹಾದುಹೋಗುತ್ತದೆ. ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಆಳಂದಿಯಿಂದ ಹೊರಟ ದಿಂಡಿಗಳೆಂಬ ಭಕ್ತರ ತಂಡಗಳ ಟ್ರಕ್ಕುಗಳಲ್ಲಿ ಡೇರೆ, ಹಂಡೆ, ಅಕ್ಕಿಮೂಟೆ ತುಂಬಿರುತ್ತವೆ. ಯಾತ್ರಿಕರಾದ ವಾರಕರಿಗಳು ನಡೆದು ಬರುವಷ್ಟರಲ್ಲಿ ಮುಂದೆ ಹೋದ ಟ್ರಕ್ಕಿನವರು ಒಲೆ ಹೂಡಿರುತ್ತಾರೆ. ಇದನ್ನೂ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ; ಲಕ್ಷಗಟ್ಟಲೆ ಜನ ತಂಗಿದ ಊರುಗಳು ಆಮೇಲೆ ಗಲೀಜಿನಿಂದ ನಾರುತ್ತಿದ್ದವು. ಅದಕ್ಕೇ ನಿರ್ಮಲ ವಾರಿ ಯೋಜನೆಯಲ್ಲಿ ತಂಗುದಾಣಗಳಿಗೆ ಸಂಚಾರಿ ಶೌಚಾಲಯಗಳು ಬಂದವು. ಅಂದರೆ ಅಲ್ಲಿ ಸರಿಪಡಿಸಿದ್ದು ಟ್ರಕ್ಕನ್ನಲ್ಲ, ಇಳಿಯುವ ಜಾಗವನ್ನು.

ವಾರಿಯ ಪಲ್ಲಕ್ಕಿ ಸಾಗುವ ಪಂಢರಪುರದ ಪಾಲಖಿ ಮಾರ್ಗವನ್ನು ಚತುಷ್ಪಥ ಮಾಡುವ ಕೆಲಸಕ್ಕೆ 2021ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಅದೇ ದಾರಿಯ ಸಾಸವಡ, ಜೇಜುರಿ, ಫಲಟಣದ ತಂಗುದಾಣಗಳಲ್ಲಿ ಕಾಯಂ ನಲ್ಲಿ, ಶೌಚಗುಂಡಿ ಕಟ್ಟಿದರೆ ಆಷಾಢದಲ್ಲಿ ವಾರಕರಿಗಳಿಗಾಯಿತು, ಉಳಿದ ತಿಂಗಳುಗಳಲ್ಲಿ ಕ್ಯಾರವಾನಿನವರಿಗೆ ಬಾಡಿಗೆಗೆ ಕೊಡಬಹುದು.